ಲಕ್ಷದ್ವೀಪಕ್ಕೆ ಯಾರು ಕನಸು ಕಾಣಬೇಕು?

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ, ಮಾಲ್ಡೀವ್ಸ್ ಮಂತ್ರಿಗಳ ಕೊಂಕು ಮಾತಿನ ಗಲಾಟೆಯೂ ಸೇರಿ, ನಮ್ಮೂರಲ್ಲೆಲ್ಲಾ ಒಂದೇ ಮಾತು: ಇನ್ನು ರಜಾಕ್ಕೆ ಮಾಲ್ಡೀವ್ಸ್ ಯಾಕೆ, ನಮ್ಮದೇ ಲಕ್ಷದ್ವೀಪ ಇಲ್ವಾ? ನೀಲಿ ನೀರು, ಬಿಳಿ ಮರಳು, ತೆಂಗಿನ ಮರ... ಫೋಟೋದಲ್ಲಿ ಎಲ್ಲಾ ಇತ್ತು, ಅಲ್ಲಿನ ಜನ ಮಾತ್ರ ಕಾಣಲಿಲ್ಲ. ಆ ಅರವತ್ತು ಚಿಲ್ಲರೆ ಸಾವಿರ ಜನರಿಗೆ (2011ರ ಜನಗಣತಿಯಲ್ಲಿ 64,473) ತಮ್ಮ ಊರು ಹೇಗಿರಬೇಕು ಅನ್ನೋ ಬಗ್ಗೆ ಏನಾದರೂ ಅಭಿಪ್ರಾಯ ಇದ್ದೀತು ಅಂತ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಈ ಕನಸಿನ ಬೀಜ ಬಿದ್ದದ್ದು ಅದಕ್ಕಿಂತ ಮೊದಲೇ. 2020ರ ಡಿಸೆಂಬರಿನಲ್ಲಿ ಆಡಳಿತಾಧಿಕಾರಿ ದಿನೇಶ್ವರ ಶರ್ಮ ತೀರಿಕೊಂಡಾಗ, ದಮನ್-ದಿಯು, ದಾದ್ರಾ-ನಗರ ಹವೇಲಿಯ ಆಡಳಿತ ನೋಡಿಕೊಳ್ಳುತ್ತಿದ್ದ ಪ್ರಫುಲ್ ಖೋಡಾ ಪಟೇಲರಿಗೆ ಲಕ್ಷದ್ವೀಪವನ್ನೂ ವಹಿಸಲಾಯಿತು. ಗುಜರಾತಿನಲ್ಲಿ ಗೃಹ ಖಾತೆಯ ರಾಜ್ಯಮಂತ್ರಿಯಾಗಿದ್ದ ರಾಜಕಾರಣಿ ಅವರು. ಅವರ ಮತ್ತು ಅವರ ಆಡಳಿತದ ಮಾತು ಸರಳ: ಎಪ್ಪತ್ತು ವರ್ಷದಿಂದ ಇಲ್ಲಿ ಅಭಿವೃದ್ಧಿಯೇ ಆಗಿಲ್ಲ, ಪಕ್ಕದ ಮಾಲ್ಡೀವ್ಸ್ ನೋಡಿ ಎಲ್ಲಿಗೆ ಹೋಯಿತು, ಇದನ್ನೂ ಹಾಗೆ ಮಾಡುತ್ತೇವೆ.

ಕೇಳಲಿಕ್ಕೆ ಚೆನ್ನಾಗಿದೆ. ಅದರಲ್ಲಿ ನಿಜವೂ ಇದೆ. ಹೆರಿಗೆ ಕಷ್ಟವಾದರೆ ಹೆಲಿಕಾಪ್ಟರಿಗೆ ಕಾಯಬೇಕಾದ ಊರು ಅದು. ಮಳೆಗಾಲದಲ್ಲಿ ಹಡಗು ನಿಂತರೆ ತರಕಾರಿಯೂ ನಿಂತಿತು. ಒಳ್ಳೆ ಆಸ್ಪತ್ರೆ, ಹೆಚ್ಚು ಹಡಗು, ಕಾಲೇಜು ಬೇಡ ಅನ್ನುವ ದ್ವೀಪದವರು ಇರಲಿಕ್ಕಿಲ್ಲ.

ಆದರೆ 2021ರ ಮೊದಲ ತಿಂಗಳುಗಳಲ್ಲಿ ಅವರಿಗೆ ಸಿಕ್ಕಿದ್ದೇನು? ಸಾಲಾಗಿ ನಾಲ್ಕು ಕರಡುಗಳು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧಿಸಿಡಬಹುದಾದ ಒಂದು ಕಾನೂನು (ಅಪರಾಧ ತೀರಾ ಕಮ್ಮಿ ಇರುವ ಜಾಗದಲ್ಲಿ!). ದನದ ಮಾಂಸಕ್ಕೆ ನಿಷೇಧ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯತಿಗೆ ನಿಲ್ಲುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಅಭಿವೃದ್ಧಿ ಪ್ರಾಧಿಕಾರದ ಕರಡು. ಯಾವ ಜಾಗವನ್ನಾದರೂ ಯೋಜನಾ ಪ್ರದೇಶ ಅಂತ ಘೋಷಿಸಿ, ಇದ್ದವರನ್ನು ಎಬ್ಬಿಸುವ ಅಧಿಕಾರ. ಗಣಿಗಾರಿಕೆ, ಕ್ವಾರಿ ಅನ್ನುವ ಪದಗಳೂ ಅದರಲ್ಲಿದ್ದವು. ಮೂವತ್ತಾರು ದ್ವೀಪ ಸೇರಿಸಿದರೂ ನೆಲ ಇರುವುದು ಬರೀ 32 ಚದರ ಕಿಲೋಮೀಟರು, ಜನ ಇರುವುದು ಹತ್ತರಲ್ಲಿ. ಅಲ್ಲಿ ಕ್ವಾರಿ ಎಲ್ಲಿ ತೋಡ್ತಾರಪ್ಪಾ? ದೊಡ್ಡೂರಿನ ನಗರ ಯೋಜನೆಯ ಕಾನೂನನ್ನು ತೆಗೆದು ಹೆಸರು ಬದಲಿಸಿ ಅಂಟಿಸಿದ ಹಾಗೆ ಕಾಣುತ್ತದೆ ನನಗೆ.

ಅಲ್ಲಿನ ನೆಲದ ಕತೆ ಬೇರೆಯೇ. ದಕ್ಷಿಣ ಕನ್ನಡದವರಿಗೆ ಬೇಗ ಅರ್ಥವಾದೀತು, ನಮ್ಮ ಅಳಿಯಸಂತಾನದ ಹಾಗೆ. ತಾಯಿಯ ಕಡೆಯಿಂದ ಬರುವ ತರವಾಡಿನ ಒಟ್ಟು ಆಸ್ತಿಗೆ ಅವರು 'ಶುಕ್ರವಾರದ ಸ್ವತ್ತು' ಅನ್ನುತ್ತಾರೆ, ಸ್ವಂತ ದುಡಿದದ್ದಕ್ಕೆ 'ಸೋಮವಾರದ ಸ್ವತ್ತು'. ಶುಕ್ರವಾರದ ತೆಂಗಿನ ತೋಟ ಒಬ್ಬರದ್ದಲ್ಲ, ಇಡೀ ಕುಟುಂಬದ್ದು. ಅದನ್ನು ಸ್ವಾಧೀನ ಮಾಡಿ ಪರಿಹಾರದ ಚೆಕ್ಕನ್ನು ಯಾರ ಕೈಗೆ ಕೊಡುತ್ತೀರಿ? ಇನ್ನು ಜನರಲ್ಲಿ ಶೇಕಡಾ 95ರಷ್ಟು ಮಂದಿ ಪರಿಶಿಷ್ಟ ಪಂಗಡದವರು, ಹೊರಗಿನವರು ಅಲ್ಲಿ ಜಾಗ ಕೊಳ್ಳುವಂತಿಲ್ಲ ಅನ್ನುವ ರಕ್ಷಣೆ ಇರುವುದು ಇದೇ ಕಾರಣಕ್ಕೆ.

ಕೊರೋನಾ ಸಮಯದ ಸಂಗತಿಯನ್ನೂ ಮರೆಯುವಂತಿಲ್ಲ. 2020 ಪೂರ್ತಿ ಅಲ್ಲಿ ಒಂದೇ ಒಂದು ಕೇಸು ಇರಲಿಲ್ಲ. ಕೊಚ್ಚಿಯಲ್ಲಿ ಕಡ್ಡಾಯ ಕ್ವಾರಂಟೈನ್ ಮುಗಿಸಿಯೇ ಹಡಗು ಹತ್ತಬೇಕಿತ್ತು. ಹೊಸ ಆಡಳಿತ ಅದನ್ನು ಸಡಿಲಿಸಿತು. 2021ರ ಜನವರಿಯಲ್ಲಿ ಮೊದಲ ಕೇಸು, ಮೇ ಹೊತ್ತಿಗೆ ಸಾವಿರಗಟ್ಟಲೆ. ಅದೇ ದಿನಗಳಲ್ಲಿ ದಡದ ಮೇಲಿದ್ದ ಮೀನುಗಾರರ ಶೆಡ್ಡುಗಳನ್ನು ಕೆಡವಲಾಯಿತು. ಜೂನ್ 7ರಂದು ಜನ ತಮ್ಮ ತಮ್ಮ ಮನೆಗಳಲ್ಲೇ ಹನ್ನೆರಡು ಗಂಟೆ ಉಪವಾಸ ಕೂತರು. ಟಿವಿಯಲ್ಲಿ ಆಡಿದ ಮಾತಿಗೆ ಚಿತ್ರ ನಿರ್ದೇಶಕಿ ಆಯಿಷಾ ಸುಲ್ತಾನಾ ಮೇಲೆ ರಾಜದ್ರೋಹದ ಕೇಸೂ ಬಿತ್ತು.

ಈಗ ನಮಗೆ ತಾಗುವ ಭಾಗಕ್ಕೆ ಬರುತ್ತೇನೆ. 2021ರ ಜೂನಿನಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು, ನೆನಪಿದೆಯಾ? ಲಕ್ಷದ್ವೀಪದ ಕೇಸುಗಳನ್ನು ಕೇರಳ ಹೈಕೋರ್ಟಿನಿಂದ ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸುವ ಪ್ರಸ್ತಾಪ ಇದೆ ಅಂತ. ಅಂಥದ್ದೇನಿಲ್ಲ ಅಂತ ಅಲ್ಲಿನ ಕಲೆಕ್ಟರು ಹೇಳಿದರು, ವಿಷಯ ಅಲ್ಲಿಗೆ ನಿಂತಿತು. ಆದರೆ ಸರಕು ಸಾಗಣೆಯನ್ನು ಬೇಪೂರಿನ ಬದಲು ಮಂಗಳೂರಿಗೆ ತಿರುಗಿಸುವ ಮಾತೂ ಅದೇ ಸಮಯದ್ದು. ನಮ್ಮಲ್ಲಿ ಕೆಲವರಿಗೆ ಖುಷಿಯಾಯಿತು, "ನಮ್ಮ ಬಂದರಿಗೆ ಲಾಭ" ಅಂತ.

ಮಂಗಳೂರಿನ ನಂಟು ಸುಳ್ಳಲ್ಲ. ಅಮಿನಿ, ಕದ್ಮತ್, ಕಿಲ್ತನ್, ಚೆತ್ಲತ್, ಬಿತ್ರ, ಈ ಅಮಿನಿದಿವಿ ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದು, 1799ರ ನಂತರ ಕಂಪೆನಿಗೆ ಹೋಗಿ, 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವೇ ಆಗಿದ್ದವು! ಹಗ್ಗದ ನಾರು ತಂದು ಮಂಗಳೂರಿನಲ್ಲಿ ಸರಕಾರಕ್ಕೆ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಈಗಲೂ ಹಳೇ ಬಂದರಿನಿಂದ ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡ ಮಂಜಿಗಳು ಹೋಗುತ್ತವೆ. ವ್ಯಾಪಾರ ಬೆಳೆದರೆ ಇಬ್ಬರಿಗೂ ಒಳ್ಳೆಯದೇ.

ಕೋರ್ಟಿನ ಮಾತು ಮಾತ್ರ ಬೇರೆ. ಅಲ್ಲಿನವರ ಮಾತು ಜೆಸೆರಿ, ಅದು ಮಲಯಾಳದ್ದೇ ಒಂದು ಬಗೆ, ಮಿನಿಕಾಯ್‌ನಲ್ಲಿ ಮಹಲ್. ಶಾಲೆ, ಕಾಗದಪತ್ರಕ್ಕೆ ಮಲಯಾಳ. ಅವರನ್ನು ಬೆಂಗಳೂರಿನ ಕೋರ್ಟಿಗೆ ಎಳೆದು ತರುವುದರಲ್ಲಿ ನಮಗೇನು ಹೆಮ್ಮೆ? ಬ್ಯಾಂಕಿನ ಚಲನ್ನು ಕನ್ನಡದಲ್ಲಿಲ್ಲ ಅಂತ ಪುಟಗಟ್ಟಲೆ ಬರೆಯುವವರು ನಾವು. ಅದೇ ಅನ್ಯಾಯ ನಮ್ಮ ಹೆಸರಿನಲ್ಲಿ ಇನ್ನೊಬ್ಬರಿಗೆ ಆಗುವಾಗ ಸುಮ್ಮನಿದ್ದೆವಲ್ಲ...

ಮಾಲ್ಡೀವ್ಸ್ ಹೋಲಿಕೆಯೂ ನಿಲ್ಲುವುದಿಲ್ಲ. ಅಲ್ಲಿ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ, ಜನ ಇಲ್ಲದ ದ್ವೀಪವನ್ನು ಪೂರ್ತಿ ಒಂದು ರೆಸಾರ್ಟಿಗೆ ಕೊಟ್ಟುಬಿಡುತ್ತಾರೆ. ಇಲ್ಲಿ ಅಷ್ಟು ಜಾಗ ಎಲ್ಲಿದೆ? ಕುಡಿಯುವ ನೀರು ಅಂದರೆ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ತೆಳು ಪದರ, ಜಾಸ್ತಿ ಎತ್ತಿದರೆ ಬಾವಿ ಉಪ್ಪಾಗುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಶುರುವಾದ ಸಮುದ್ರದ ನೀರು ಸಿಹಿ ಮಾಡುವ ಘಟಕದ್ದು ದಿನಕ್ಕೆ ಒಂದು ಲಕ್ಷ ಲೀಟರ್ ಲೆಕ್ಕ. ಒಂದು ಐಷಾರಾಮಿ ರೆಸಾರ್ಟಿನ ಈಜುಕೊಳ, ಲಾಂಡ್ರಿ ನೆನೆಸಿಕೊಳ್ಳಿ. ದ್ವೀಪವನ್ನು ಕಾಯುವ ಹವಳವೂ 1998, 2010, 2016, 2024ರಲ್ಲಿ ಬಿಸಿಗೆ ಬಿಳಿಚಿಕೊಂಡಿತು. ಬಂಗಾರಂ ಪಕ್ಕದ ಪರಳಿ-1 ಅನ್ನುವ ಪುಟ್ಟ ದ್ವೀಪ ಸವೆದು ಪೂರ್ತಿ ಮಾಯವಾಗಿದೆ ಅಂತ 2017ರಲ್ಲೇ ಸುದ್ದಿಯಾಗಿತ್ತು. (2024ರ ಮೇ ತಿಂಗಳಲ್ಲಿ ಪ್ರಯಾಣಿಕರನ್ನು ಹೊತ್ತು ಮಂಗಳೂರಿಗೆ ಬಂದ ವೇಗದ ಹಡಗಿನ ಹೆಸರೂ ಪರಳಿಯೇ.)

ದಾರಿ ತೋರಿಸಿದವರು ಇಲ್ಲದಿರಲಿಲ್ಲ. ಒಂದು ಕಾಲಕ್ಕೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಸಮಿತಿ, ಸುಪ್ರೀಂ ಕೋರ್ಟ್ ನೇಮಿಸಿದ್ದು, ಅಲ್ಲಿನ ಅಭಿವೃದ್ಧಿ ಚುನಾಯಿತ ಸಂಸ್ಥೆಗಳ ಜೊತೆ ಮಾತಾಡಿಯೇ ಆಗಬೇಕು ಅಂದಿತ್ತು. ವಿಧಾನಸಭೆ ಇಲ್ಲದ ಊರಿಗೆ ಇರುವುದು ಅದೊಂದೇ ಬಾಯಿ. ಓಟು ಹಾಕುವ ಅವಕಾಶ ಸಿಕ್ಕಾಗ ಅವರೇನು ಹೇಳಿದರು ನೋಡಿ: 2024ರ ಲೋಕಸಭೆ ಚುನಾವಣೆಯಲ್ಲಿ ಕೇಂದ್ರದ ಆಳುವ ಕೂಟದ ಅಭ್ಯರ್ಥಿಗೆ ಬಿದ್ದ ಮತ 201.

2025ರ ಜುಲೈಯಲ್ಲಿ ಇನ್ನೊಂದು ಅಧಿಸೂಚನೆ ಬಂತು. ಬಿತ್ರ ದ್ವೀಪವನ್ನು ಪೂರ್ತಿ ರಕ್ಷಣಾ ಉದ್ದೇಶಕ್ಕೆ ತೆಗೆದುಕೊಳ್ಳಲು ಸಾಮಾಜಿಕ ಪರಿಣಾಮದ ಅಧ್ಯಯನ ಮಾಡುತ್ತೇವೆ ಅಂತ. ದೇಶದ ಭದ್ರತೆ ಅಂದಾಗ ನಾವೆಲ್ಲ ಮಾತು ನಿಲ್ಲಿಸುತ್ತೇವೆ, ಇರಲಿ. ಜಾಗದ ಲೆಕ್ಕವನ್ನಾದರೂ ಹೇಳಿಬಿಡುತ್ತೇನೆ. ಬಿತ್ರದ ನೆಲ ಸುಮಾರು ಇಪ್ಪತ್ತಾರು ಎಕರೆ, ಮಲೆನಾಡಿನ ಒಂದು ದೊಡ್ಡ ಅಡಿಕೆ ತೋಟದಷ್ಟು. 2011ರಲ್ಲಿ ಅಲ್ಲಿದ್ದವರು 271 ಮಂದಿ. ಎಪ್ಪತ್ತು ವರ್ಷದ ಹಿಂದಾಗಿದ್ದರೆ ಅವರು ಅರ್ಜಿ ಹಿಡಿದುಕೊಂಡು ಬರಬೇಕಾಗಿದ್ದದ್ದು ಮಂಗಳೂರಿನ ಕಲೆಕ್ಟರ ಕಚೇರಿಗೆ.