ಅಕ್ವೇರಿಯಂಗೆ ಸಿಓಟು ಸಿಲಿಂಡರ್: ಬೆಂಕಿ ಹತ್ತುವುದಿಲ್ಲ, ಹಾಗಾದರೆ ಅಪಾಯ ಎಲ್ಲಿದೆ?

ಗಾಜಿನ ತೊಟ್ಟಿಯೊಳಗೆ ಹಸಿರು ಹುಲ್ಲುಹಾಸು, ಕೆಂಪು ಎಲೆಯ ಗಿಡಗಳು, ನಡುವೆ ಪುಟ್ಟ ಮೀನುಗಳು. ಇಂಥ ರೀಲ್ಸ್ ನೋಡಿ ಮನೆಯಲ್ಲೂ ಒಂದು ಗಿಡದ ಅಕ್ವೇರಿಯಂ ಮಾಡಬೇಕು ಅಂದುಕೊಳ್ಳುವವರು ಬಹಳ. ಆಮೇಲೆ ಗೊತ್ತಾಗುತ್ತದೆ, ಆ ತೊಟ್ಟಿಯ ಪಕ್ಕದಲ್ಲಿ ಒಂದು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ ಇದೆ ಎಂದು. ಅಲ್ಲಿಂದ ಸಲಹೆಗಳ ಸುರಿಮಳೆ. "ಮನೆಯಲ್ಲಿಟ್ಟರೆ ಹೊತ್ತಿಕೊಂಡು ಸಿಡಿಯುತ್ತೆ", "ವೆಲ್ಡಿಂಗ್ ಗ್ಯಾಸ್ ಹಾಕಿದರೆ ಮೀನು ಸಾಯುತ್ತವೆ", "ಹಳೆಯ ಫೈರ್ ಎಕ್ಸ್‌ಟಿಂಗ್ವಿಶರ್ ತಂದು ಹಾಕಿದರೆ ಸಾಕು". ಇವುಗಳಲ್ಲಿ ಯಾವುದು ನಿಜ?

ದೊಡ್ಡ ಊರಿನಲ್ಲಿ ಅಕ್ವೇರಿಯಂ ಅಂಗಡಿಯವರೇ ಸಿಲಿಂಡರ್ ಬದಲಿಸಿ ಕೊಡುತ್ತಾರೆ. ಆದರೆ ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದಂಥ ಊರಿನಲ್ಲಿರುವವರು ಸಿಲಿಂಡರನ್ನು ಸಿರುಗುಪ್ಪಕ್ಕೋ ಬಳ್ಳಾರಿಗೋ ಒಯ್ದು ತುಂಬಿಸಬೇಕು. ಯಾರ ಹತ್ತಿರ ತುಂಬಿಸುವುದು, ಏನು ಕೇಳುವುದು, ಹೇಗೆ ತರುವುದು, ಎಲ್ಲಿ ಇಡುವುದು? ಫಾರ್ವರ್ಡ್‌ಗಳು ಹೇಳದ ಈ ವಿಷಯಗಳನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲ ಪ್ರಶ್ನೆ: ನಿಮಗೆ ಸಿಲಿಂಡರ್ ಬೇಕೇ?

ಗಿಡಗಳು ಬೆಳಕಿನಲ್ಲಿ ಕಾರ್ಬನ್ ಡೈಆಕ್ಸೈಡ್ ಬಳಸಿ ಆಹಾರ ತಯಾರಿಸುತ್ತವೆ. ನೀರಿನೊಳಗಿನ ಗಿಡಕ್ಕೆ ಇಲ್ಲೊಂದು ಕಷ್ಟ. ಈ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ತಾನಾಗಿ ಕರಗಿ ಉಳಿಯುವುದು ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಮಾತ್ರ. ಜೋರಾದ ಬೆಳಕು ಕೊಟ್ಟು ಗಿಡ ಬೇಗ ಬೆಳೆಯಬೇಕು ಎಂದರೆ ಇದು ಸಾಲದು. ಅದಕ್ಕೇ ಸಿಲಿಂಡರ್.

ಆದರೆ ಎಲ್ಲ ಗಿಡಕ್ಕೂ ಇದು ಬೇಕಿಲ್ಲ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಮುಂತಾದ ನೀರಗಿಡಗಳು ಗಡಸು ನೀರಿನಲ್ಲಿರುವ ಬೈಕಾರ್ಬನೇಟಿನಿಂದಲೂ ಇಂಗಾಲ ಪಡೆಯಬಲ್ಲವು. ಬೋರ್‌ವೆಲ್ ನೀರಿನ ಊರುಗಳಿಗೆ ಇವು ಒಳ್ಳೆಯ ಆಯ್ಕೆ. ಇನ್ನೊಂದು ಸ್ವಾರಸ್ಯ: ಅಕ್ವೇರಿಯಂ ಅಂಗಡಿಗಳು ದುಡ್ಡಿಗೆ ಮಾರುವ ರೊಟಾಲಾ ಜಾತಿಯ ಕೆಲವು ಗಿಡಗಳು ಭತ್ತದ ಗದ್ದೆಯ ಕಳೆಗಳು. ಗದ್ದೆಯಲ್ಲಿ ಅವುಗಳ ತುದಿ ನೀರಿನಿಂದ ಮೇಲಿದ್ದು ಗಾಳಿಯಿಂದಲೇ ಅನಿಲ ಹೀರುತ್ತದೆ, ಹಾಗಾಗಿ ಯಾರ ನೆರವೂ ಇಲ್ಲದೆ ಬೆಳೆಯುತ್ತವೆ. ಅದೇ ಗಿಡವನ್ನು ಪೂರ್ತಿ ಮುಳುಗಿಸಿ ಕೆಂಪಗೆ, ದಟ್ಟವಾಗಿ ಬೆಳೆಸಬೇಕು ಎಂದಾಗ ಸಿಲಿಂಡರ್ ಮಾತು ಬರುತ್ತದೆ.

ಈ ಅನಿಲ ಬರುವುದು ಎಲ್ಲಿಂದ?

ದೋಸೆ ಹಿಟ್ಟು ಉಬ್ಬುವಾಗ ಏಳುವ ಗುಳ್ಳೆಗಳಲ್ಲಿ ಇರುವುದು ಇದೇ ಅನಿಲ. ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸ ನಡೆಯುವುದು ಡಿಸ್ಟಿಲರಿಗಳಲ್ಲಿ. ಕಬ್ಬಿನ ಕಾಕಂಬಿಯನ್ನು ಹುದುಗಿಸಿ ಮದ್ಯಸಾರ ಮಾಡುವಾಗ ಪ್ರತಿ 92 ಗ್ರಾಂ ಮದ್ಯಸಾರದ ಜೊತೆ 88 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ, ಅಂದರೆ ಹೆಚ್ಚುಕಡಿಮೆ ಸಮ ತೂಕ. ಅಮೋನಿಯಾ ತಯಾರಿಸುವ ಗೊಬ್ಬರ ಕಾರ್ಖಾನೆಗಳಲ್ಲೂ ಇದು ಉಪ ಉತ್ಪನ್ನ. ಇದನ್ನು ಹಿಡಿದು, ಶುದ್ಧ ಮಾಡಿ, ಒತ್ತಡದಲ್ಲಿ ದ್ರವವಾಗಿಸಿ ಮಾರುತ್ತಾರೆ.

ಹಾಗಾಗಿ "ಅಕ್ವೇರಿಯಂ ಗ್ಯಾಸ್", "ಸೋಡಾ ಗ್ಯಾಸ್", "ವೆಲ್ಡಿಂಗ್ ಸಿಓಟು" ಎಂದು ಮೂರು ಬೇರೆ ಬೇರೆ ಅನಿಲಗಳಿಲ್ಲ. ವ್ಯತ್ಯಾಸ ಇರುವುದು ಶುದ್ಧತೆಯ ದರ್ಜೆಯಲ್ಲಿ. ಕುಡಿಯುವ ಪಾನೀಯಕ್ಕೆ ಬಳಸುವ ಅನಿಲದಲ್ಲಿ ಎಣ್ಣೆ, ಗಂಧಕ, ವಾಸನೆ ಇವುಗಳ ಮಿತಿ ಬಿಗಿ. ಸರಿಯಾದ ಕಡೆ ತುಂಬಿಸಿದ ವೆಲ್ಡಿಂಗ್ ದರ್ಜೆಯ ಅನಿಲದಿಂದ ಮೀನು ಸಾಯುತ್ತವೆ ಎಂಬ ಮಾತಿಗೆ ಆಧಾರವಿಲ್ಲ. ಪ್ರಪಂಚದ ಬಹಳಷ್ಟು ಹವ್ಯಾಸಿಗಳು ಬಳಸುವುದು ಅದನ್ನೇ. ಆದರೆ ಆ ಸಿಲಿಂಡರಿನಿಂದ ಮನೆಯಲ್ಲಿ ಸೋಡಾ ಮಾಡಿ ಕುಡಿಯಬೇಡಿ.

ಯಾರ ಹತ್ತಿರ ತುಂಬಿಸುವುದು?

ಬಳ್ಳಾರಿಯಂಥ ಕೈಗಾರಿಕಾ ಊರುಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಬಳಸುವವರು ಮೂರು ಬಗೆ: ವೆಲ್ಡಿಂಗ್ ಕೆಲಸದವರು, ಸೋಡಾ ಮಾಡುವವರು, ಫೈರ್ ಎಕ್ಸ್‌ಟಿಂಗ್ವಿಶರ್ ಸರ್ವಿಸ್ ಮಾಡುವವರು. ಇವರಿಗೆಲ್ಲ ಅನಿಲ ಪೂರೈಸುವ ಗ್ಯಾಸ್ ಏಜೆನ್ಸಿಯೇ ನೀವು ಹುಡುಕಬೇಕಾದ ಜಾಗ. ಸಿಲಿಂಡರ್ ತುಂಬಿಸಲು ಪರವಾನಗಿ ಬೇಕು. ಭಾರತದಲ್ಲಿ ಇದು ಗ್ಯಾಸ್ ಸಿಲಿಂಡರ್ ನಿಯಮಗಳು, 2016ರ ಅಡಿಯಲ್ಲಿ ಬರುತ್ತದೆ. ಪರವಾನಗಿ ಕೊಡುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ.

ಇಲ್ಲಿ ಮೂರು ಎಚ್ಚರಿಕೆಗಳಿವೆ.

ಒಂದು, ವೆಲ್ಡಿಂಗ್ ಅಂಗಡಿಯಲ್ಲಿ "ಮಿಕ್ಸ್ ಗ್ಯಾಸ್" ಎಂಬುದೂ ಇರುತ್ತದೆ. ಅದು ಬಹುಪಾಲು ಆರ್ಗಾನ್, ಸ್ವಲ್ಪ ಕಾರ್ಬನ್ ಡೈಆಕ್ಸೈಡ್. ಆರ್ಗಾನ್‌ನಿಂದ ಗಿಡಕ್ಕೆ ಏನೂ ಉಪಯೋಗವಿಲ್ಲ. "ಬರೀ ಸಿಓಟು" ಎಂದು ಬಿಡಿಸಿ ಕೇಳಿ.

ಎರಡು, ಹಳೆಯ ಫೈರ್ ಎಕ್ಸ್‌ಟಿಂಗ್ವಿಶರ್. ಅದರೊಳಗೆ ಬಾಯಿಂದ ತಳದವರೆಗೆ ಒಂದು ಕೊಳವೆ ಇರುತ್ತದೆ. ಬೆಂಕಿಯ ಮೇಲೆ ದ್ರವವೇ ಚಿಮ್ಮಲಿ ಎಂದು ಮಾಡಿದ ಏರ್ಪಾಡು ಅದು. ಅಕ್ವೇರಿಯಂ ರೆಗ್ಯುಲೇಟರಿಗೆ ಬೇಕಾದದ್ದು ಮೇಲ್ಭಾಗದ ಅನಿಲ, ತಳದ ದ್ರವ ಅಲ್ಲ. ದ್ರವ ನುಗ್ಗಿದರೆ ರೆಗ್ಯುಲೇಟರ್ ಹೆಪ್ಪುಗಟ್ಟಿ ಕೆಡುತ್ತದೆ. ಮನೆಯಲ್ಲೇ ವಾಲ್ವ್ ಬಿಚ್ಚಿ ಕೊಳವೆ ಕೀಳುವ ವಿಡಿಯೊಗಳನ್ನು ನೋಡಿ ಪ್ರಯತ್ನಿಸಬೇಡಿ. ಒಳಗೆ ಒತ್ತಡ ಉಳಿದಿದ್ದರೆ ವಾಲ್ವೇ ಗುಂಡಿನಂತೆ ಹಾರುತ್ತದೆ.

ಮೂರು, ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಮನೆಯಲ್ಲೇ ತುಂಬಿಸಿಕೊಳ್ಳುವುದು. ಇದು ಪರವಾನಗಿ ಇಲ್ಲದೆ ಮಾಡುವ ಕೆಲಸ. ಎಷ್ಟು ತುಂಬಿತು ಎಂಬ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಅನಿಲಕ್ಕಿಂತ ಮೊದಲು ಸಿಲಿಂಡರ್ ನೋಡಿ

ಸಿಲಿಂಡರಿನ ಕುತ್ತಿಗೆಯ ಹತ್ತಿರ ಲೋಹದಲ್ಲೇ ಕೊರೆದ ಅಂಕಿಗಳಿರುತ್ತವೆ. ಅದರಲ್ಲಿ ಎರಡನ್ನು ಓದಲು ಕಲಿತರೆ ಸಾಕು. ಮೊದಲನೆಯದು ಪರೀಕ್ಷೆಯ ದಿನಾಂಕ. ಸಿಲಿಂಡರಿಗೆ ನೀರು ತುಂಬಿ ಹೆಚ್ಚು ಒತ್ತಡ ಕೊಟ್ಟು ಗಟ್ಟಿತನ ನೋಡುವ ಹೈಡ್ರೊ ಟೆಸ್ಟ್ 5 ವರ್ಷಕ್ಕೊಮ್ಮೆ ಆಗಬೇಕು. ದಿನಾಂಕ ಮೀರಿದ ಸಿಲಿಂಡರನ್ನು ತುಂಬಿಸಲು ಏಜೆನ್ಸಿಯವರು ಒಪ್ಪದಿದ್ದರೆ ಅವರೊಂದಿಗೆ ಜಗಳ ಬೇಡ, ಅವರು ತಮ್ಮ ಕೆಲಸ ಸರಿಯಾಗಿ ಮಾಡುತ್ತಿದ್ದಾರೆ. ಸೆಕೆಂಡ್ ಹ್ಯಾಂಡ್ ಸಿಲಿಂಡರ್ ಕೊಳ್ಳುವಾಗ ಬೆಲೆಗಿಂತ ಮೊದಲು ಈ ದಿನಾಂಕ ಕೇಳಿ.

ಎರಡನೆಯದು ಖಾಲಿ ಸಿಲಿಂಡರಿನ ತೂಕ. ಮೀಟರಿನ ಮುಳ್ಳು ನೋಡಿ "ಫುಲ್ ಇದೆ" ಅನ್ನುವುದು ತಪ್ಪು. ಒಳಗೆ ಸ್ವಲ್ಪ ದ್ರವ ಉಳಿದಿರುವವರೆಗೂ ಒತ್ತಡ ಅಷ್ಟೇ ಇರುತ್ತದೆ, ಮುಳ್ಳು ಅಲ್ಲಾಡುವುದಿಲ್ಲ. ಅರ್ಧ ತುಂಬಿದ ಸಿಲಿಂಡರೂ ಪೂರ್ತಿ ತುಂಬಿದ್ದೂ ಮೀಟರಿನಲ್ಲಿ ಒಂದೇ ತರಹ ಕಾಣುತ್ತವೆ. ಹಾಗಾಗಿ ತುಂಬಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ತೂಕ ಹಾಕಿಸಿ. ದುಡ್ಡು ಉಳಿಯುವುದೂ ಜೀವ ಉಳಿಯುವುದೂ ಆ ತಕ್ಕಡಿಯಿಂದಲೇ.

ಬಳ್ಳಾರಿ ಬಿಸಿಲು ಮತ್ತು 31 ಡಿಗ್ರಿ

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಸಿಲಿಂಡರಿನೊಳಗಿನ ಒತ್ತಡ ಸುಮಾರು 57 ಬಾರ್. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಕಾರ್ಬನ್ ಡೈಆಕ್ಸೈಡ್ ಸುಮಾರು 31 ಡಿಗ್ರಿ ದಾಟಿದರೆ ಎಷ್ಟೇ ಒತ್ತಿದರೂ ದ್ರವವಾಗಿ ಉಳಿಯುವುದಿಲ್ಲ, ಒತ್ತಡ ಬೇಗ ಬೇಗ ಏರುತ್ತದೆ. ಸರಿಯಾಗಿ ತುಂಬಿದ ಸಿಲಿಂಡರಿನಲ್ಲೇ 40 ಡಿಗ್ರಿಗೆ ಒತ್ತಡ 100 ಬಾರ್ ಮೀರುತ್ತದೆ. ಬಳ್ಳಾರಿ, ಸಿರುಗುಪ್ಪ ಕಡೆ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ಇರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗಿನ ಬಿಸಿ ಇನ್ನೂ ಹೆಚ್ಚು.

ಈ ಏರಿಕೆಯನ್ನು ಲೆಕ್ಕ ಹಾಕಿಯೇ ಸಿಲಿಂಡರನ್ನು ಬಾಯಿತನಕ ತುಂಬುವುದಿಲ್ಲ. 3 ಲೀಟರ್ ನೀರು ಹಿಡಿಯುವ ಸಿಲಿಂಡರಿಗೆ ಸುಮಾರು 2 ಕೆಜಿ ಅನಿಲ ಮಾತ್ರ. "ಅಣ್ಣಾ, ಇನ್ನೂ ಸ್ವಲ್ಪ ಹಾಕು" ಎಂದು ಇಲ್ಲಿ ಕೇಳಬಾರದು. ಮನೆಯಲ್ಲಿ ಅಂದಾಜಿನ ಮೇಲೆ ತುಂಬಿಸಿಕೊಳ್ಳುವುದರ ಅಪಾಯವೂ ಇದೇ. ಬೆಳಿಗ್ಗೆ ತಂಪಿನಲ್ಲಿ ಸರಿಯಾಗಿಯೇ ಕಂಡದ್ದು ಮಧ್ಯಾಹ್ನದ ಬಿಸಿಲಿಗೆ ವಾಲ್ವಿನ ಸುರಕ್ಷಾ ಬಿಲ್ಲೆಯನ್ನು ಒಡೆದು ಎಲ್ಲ ಅನಿಲವನ್ನೂ ಹೊರಗೆ ಬಿಡಬಹುದು. ಸಿಲಿಂಡರೇ ದುರ್ಬಲವಾಗಿದ್ದರೆ ಅದೇ ಸಿಡಿಯಬಹುದು.

ತರುವಾಗಲೂ ಎಚ್ಚರ ಬೇಕು. ತುಂಬಿದ ಸಿಲಿಂಡರನ್ನು ಸೈಕಲ್ ಅಥವಾ ಬೈಕಿನಲ್ಲಿ ಸಾಗಿಸುವುದು ನಿಯಮಕ್ಕೆ ವಿರುದ್ಧ. ನಾಲ್ಕು ಚಕ್ರದ ವಾಹನದಲ್ಲಿ ಉರುಳದಂತೆ ಕಟ್ಟಿ, ವಾಲ್ವಿಗೆ ಮುಚ್ಚಳ ಹಾಕಿ, ಕಿಟಕಿ ತೆರೆದು ತನ್ನಿ. ಬಿಸಿಲೇರುವ ಮೊದಲೇ ತಂದರೆ ಇನ್ನೂ ಒಳ್ಳೆಯದು.

ಅಸಲಿ ಅಪಾಯ ಬೆಂಕಿಯಲ್ಲ, ಉಸಿರು

ಕಾರ್ಬನ್ ಡೈಆಕ್ಸೈಡ್ ಉರಿಯುವುದಿಲ್ಲ, ಬೆಂಕಿ ಆರಿಸಲು ಬಳಸುವುದೇ ಅದನ್ನು. ಹಾಗಾಗಿ ಅಡುಗೆ ಗ್ಯಾಸಿನಂತೆ ಹೊತ್ತಿಕೊಂಡು ಸಿಡಿಯುತ್ತದೆ ಎಂಬ ಭಯ ಸುಳ್ಳು. ಆದರೆ ಅಡುಗೆ ಗ್ಯಾಸಿಗೆ ಸೋರಿಕೆ ಗೊತ್ತಾಗಲಿ ಎಂದು ಕೆಟ್ಟ ವಾಸನೆ ಬೆರೆಸಿರುತ್ತಾರೆ. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ನೆಲಮಟ್ಟದಲ್ಲಿ ಶೇಖರವಾಗುತ್ತದೆ.

ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ಉತ್ತರ ಕರ್ನಾಟಕದಲ್ಲಿ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವು ನೆನಪಿದೆಯೇ? ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತಾ ಆಮ್ಲಜನಕ ಮುಗಿಸುತ್ತದೆ, ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ. ಅದಕ್ಕೇ ತೆಗೆದ ಕೂಡಲೇ ಇಳಿಯಬಾರದು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಬೇಕು ಅನ್ನುತ್ತಿದ್ದರು. ಆಫ್ರಿಕಾದ ಕ್ಯಾಮರೂನ್ ದೇಶದ ನ್ಯೋಸ್ ಸರೋವರದ ತಳದಲ್ಲಿ ಶೇಖರವಾಗಿದ್ದ ಇದೇ ಅನಿಲ 1986ರ ಆಗಸ್ಟ್ 21ರ ರಾತ್ರಿ ಒಮ್ಮೆಲೇ ಹೊರಬಂದು 1,700ಕ್ಕೂ ಹೆಚ್ಚು ಜನ ಸತ್ತರು.

ಮನೆಯ ಲೆಕ್ಕ ನೋಡೋಣ. 1 ಕೆಜಿ ದ್ರವ ಸೋರಿದರೆ ಸುಮಾರು 550 ಲೀಟರ್ ಅನಿಲ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಹಿಡಿಸುವ ಗಾಳಿ ಸುಮಾರು 28,300 ಲೀಟರ್. ಬಾಗಿಲು, ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ 2 ಕೆಜಿ ಸಿಲಿಂಡರ್ ಒಮ್ಮೆಲೇ ಖಾಲಿಯಾದರೆ ಗಾಳಿಯ ಸುಮಾರು ಶೇ 4 ಭಾಗ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ "ತಕ್ಷಣಕ್ಕೇ ಜೀವಕ್ಕೆ ಅಪಾಯ" ಎಂದು ಗುರುತಿಸಿರುವುದು ಇದೇ ಶೇ 4ರ ಮಟ್ಟವನ್ನು. 5 ಕೆಜಿ ಸಿಲಿಂಡರ್ ಆದರೆ ಶೇ 9ನ್ನೂ ದಾಟುತ್ತದೆ, ಆ ಮಟ್ಟದಲ್ಲಿ ಪ್ರಜ್ಞೆಯೇ ತಪ್ಪಬಹುದು.

ಇಲ್ಲಿ ದೀಪದ ಪರೀಕ್ಷೆಯನ್ನು ನಂಬಬೇಡಿ. ಹಗೇವಿನಲ್ಲಿ ಕಾಳು ಆಮ್ಲಜನಕವನ್ನೇ ಮುಗಿಸಿರುತ್ತದೆ, ದೀಪ ಆರುತ್ತದೆ. ಸಿಲಿಂಡರ್ ಸೋರಿದ ಕೋಣೆಯಲ್ಲಿ ಅನಿಲ ಶೇ 4 ಇದ್ದಾಗಲೂ ಆಮ್ಲಜನಕ ಶೇ 20ರಷ್ಟು ಉಳಿದಿರುತ್ತದೆ. ದೀಪ ಚೆನ್ನಾಗಿಯೇ ಉರಿಯುತ್ತದೆ, ಮನುಷ್ಯನಿಗೆ ಮಾತ್ರ ತಲೆನೋವು, ಏದುಸಿರು, ಮಂಪರು.

ಹಾಗಾಗಿ ಎಸಿ ಹಾಕಿ ಬಾಗಿಲು ಮುಚ್ಚಿ ಮಲಗುವ ಕೋಣೆಯಲ್ಲಿ ಸಿಲಿಂಡರ್ ಬೇಡ. ಗಾಳಿಯಾಡುವ ಹಾಲಿನಲ್ಲಿ, ನೆರಳಿನಲ್ಲಿ, ನೆಟ್ಟಗೆ ನಿಲ್ಲಿಸಿ, ಗೋಡೆಗೆ ಕಟ್ಟಿ ಇಡಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಯಾರಾದರೂ ಕೋಣೆಯಲ್ಲಿ ಕುಸಿದಿದ್ದರೆ ನೇರವಾಗಿ ಒಳಗೆ ನುಗ್ಗಬೇಡಿ, ಕಾಪಾಡಲು ಹೋದವರೂ ಬೀಳುತ್ತಾರೆ. ಹೊರಗಿನಿಂದಲೇ ಬಾಗಿಲು, ಕಿಟಕಿ ತೆರೆದು 112ಕ್ಕೆ ಕರೆ ಮಾಡಿ.

ಮೀನುಗಳ ಪಾಡು

ಮೀನು ಸಾಯುವುದು ಅನಿಲದ ದರ್ಜೆಯಿಂದಲ್ಲ, ಪ್ರಮಾಣದಿಂದ. ಹವ್ಯಾಸಿಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮೇಲ್ಮಿತಿ ಲೀಟರಿಗೆ 30 ಮಿಲಿಗ್ರಾಂ. ಡ್ರಾಪ್ ಚೆಕರ್ ಎಂಬ ಪುಟ್ಟ ಗಾಜಿನ ಬುಡ್ಡಿಯಲ್ಲಿರುವ ದ್ರವ ನೀಲಿಯಾದರೆ ಕಡಿಮೆ, ಹಸಿರಾದರೆ ಸರಿ, ಹಳದಿಯಾದರೆ ಹೆಚ್ಚು. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅನಿಲ ನಿಲ್ಲಿಸಿ ಏರ್ ಪಂಪ್ ಹಾಕಿ. ರಾತ್ರಿ ಗಿಡಗಳಿಗೆ ಈ ಅನಿಲ ಬೇಡ, ಲೈಟಿನ ಜೊತೆಗೇ ನಿಲ್ಲುವಂತೆ ಟೈಮರ್ ಇಡಿ. ಸೊಲೆನಾಯ್ಡ್ ವಾಲ್ವ್ ಇದ್ದರೆ ಕರೆಂಟ್ ಹೋದಾಗ ಅನಿಲ ತಾನಾಗಿ ನಿಲ್ಲುತ್ತದೆ, ನಮ್ಮ ಊರುಗಳಿಗೆ ಇದು ಮುಖ್ಯ. ಸಿಲಿಂಡರ್ ಮುಗಿಯುತ್ತಾ ಬಂದು ಮೀಟರಿನ ಮುಳ್ಳು ಇಳಿಯಲು ಶುರುವಾದರೆ ಕೆಲವು ರೆಗ್ಯುಲೇಟರ್‌ಗಳು ಒಮ್ಮೆಲೇ ಹೆಚ್ಚು ಅನಿಲ ಬಿಡುತ್ತವೆ. ಪೂರ್ತಿ ಮುಗಿಯಲಿ ಎಂದು ಕಾಯಬೇಡಿ.

ಸಕ್ಕರೆ ಮತ್ತು ಈಸ್ಟ್ ಹಾಕಿದ ಬಾಟಲಿ ಅಗ್ಗದ ದಾರಿ. 1 ಕೆಜಿ ಸಕ್ಕರೆಯಿಂದ ಲೆಕ್ಕದ ಪ್ರಕಾರ ಅರ್ಧ ಕೆಜಿ ಅನಿಲ ಬರಬೇಕು, ನಿಜದಲ್ಲಿ ಕಡಿಮೆಯೇ ಬರುತ್ತದೆ. ಸಣ್ಣ ತೊಟ್ಟಿಗೆ ಸಾಕು. ಆದರೆ ಕೊಳವೆ ಕಟ್ಟಿಕೊಂಡರೆ ಬಾಟಲಿ ಒಡೆಯುತ್ತದೆ, ಗಾಜಿನ ಬಾಟಲಿ ಬಳಸಲೇಬೇಡಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಸಿಓಟು ಸಿಲಿಂಡರಿಗೆ ಬೆಂಕಿ ಹತ್ತುವುದಿಲ್ಲ. ವೆಲ್ಡಿಂಗ್ ದರ್ಜೆಯ ಶುದ್ಧ ಸಿಓಟು ಮೀನಿಗೆ ವಿಷವಲ್ಲ. ಆದರೆ ಟೆಸ್ಟ್ ದಿನಾಂಕ ಮೀರಿದ ಸಿಲಿಂಡರ್, ಅಳತೆ ಮೀರಿ ತುಂಬಿದ ಸಿಲಿಂಡರ್, ಬಿಸಿಲಲ್ಲಿಟ್ಟ ಸಿಲಿಂಡರ್, ಮುಚ್ಚಿದ ಕೋಣೆಯ ಸಿಲಿಂಡರ್, ಈ ನಾಲ್ಕೂ ಅಪಾಯ. ಗ್ಯಾಸ್ ಏಜೆನ್ಸಿಯಲ್ಲಿ "ಯಾವ ಗ್ಯಾಸ್" ಎಂದು ಕೇಳಿ ಸುಮ್ಮನಾಗಬೇಡಿ. "ಟೆಸ್ಟ್ ಯಾವಾಗ ಆಗಿದೆ, ತೂಕ ಎಷ್ಟು" ಎಂದೂ ಕೇಳಿ.