ಜೋಡಿ ಸಾಲುಗಳನ್ನು ಅಳಿಸುವ ಮುನ್ನ

ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿಗಿರುವ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ನಿರ್ಮಾಣವು ಉಕ್ಕನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆಯೋ, ಬಿಡಿಭಾಗಗಳ ಲೆಕ್ಕದ ಶುದ್ಧಿಯನ್ನೂ ಅಷ್ಟೇ ಅವಲಂಬಿಸಿದೆ. ಒಂದು ಬಿಡಿಭಾಗಕ್ಕೆ ಡೇಟಾಬೇಸಿನಲ್ಲಿ ಒಂದೇ ಸಾಲು ಎಂಬ ನಿಯಮವು ಮುರಿದು, ಅದೇ ಬಿಡಿಭಾಗದ ಸಂಖ್ಯೆಯು ಎರಡೆಡೆ ತಲೆದೋರಿತೆಂದರೆ, ಬಂದ ಸರಕು ಒಂದರಲ್ಲಿಯೂ ಹೋದ ಸರಕು ಮತ್ತೊಂದರಲ್ಲಿಯೂ ದಾಖಲಾಗಿ, ಉಗ್ರಾಣದಲ್ಲಿರುವ ವಸ್ತುವೇ ಇಲ್ಲವೆಂದು ತೋರೀತು.

ಇಂತಹ ಅನರ್ಥಕ್ಕೆಲ್ಲ ಗುಮಾಸ್ತನ ಅಲಕ್ಷ್ಯವೇ ಕಾರಣವೆನ್ನುವುದು ನ್ಯಾಯವಲ್ಲ. 2018ರ ಆಗಸ್ಟಿನಲ್ಲಿ, ಲಿನಕ್ಸ್ ವ್ಯವಸ್ಥೆಗೆ ಆಧಾರಭೂತವಾದ ಗ್ಲಿಬ್‌ಸಿ ಎಂಬ ತಂತ್ರಾಂಶದ 2.28ನೆಯ ಆವೃತ್ತಿಯು ಹೊರಬಂದಾಗ ಅಕ್ಷರ-ಅಂಕಿಗಳನ್ನು ಅನುಕ್ರಮವಾಗಿ ಜೋಡಿಸುವ ನಿಯಮಗಳು ಮಾರ್ಪಟ್ಟುವು; ಅಮೆರಿಕದ ಇಂಗ್ಲಿಷಿಗೆ ಹೊಂದಿಸಿದ ಕ್ರಮದಲ್ಲಿ ‘11’ರ ಅನಂತರ ನಿಲ್ಲುತ್ತಿದ್ದ ‘1-1’ ಅದಕ್ಕಿಂತ ಮೊದಲು ಬಂದಿತು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು, ಎಂದರೆ ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿಯನ್ನು, ಹಾಗೆಯೇ ಉಳಿಸಿಕೊಂಡು ಹೊಸ ವ್ಯವಸ್ಥೆಗೆ ಹೋದ ಪೋಸ್ಟ್‌ಗ್ರೆಸ್ ಡೇಟಾಬೇಸು, ಅಡ್ಡಗೆರೆಯುಳ್ಳ ಸಂಖ್ಯೆಯನ್ನು ತಪ್ಪು ಕವಲಿನಲ್ಲಿ ಹುಡುಕಿ, ಇರುವ ಸಾಲನ್ನು ಕಾಣದೆ, ಎರಡನೆಯದಕ್ಕೆ ಪ್ರವೇಶವೀಯುವುದುಂಟು.

ಹಾಗಾದಾಗ ಜೋಡಿಯಲ್ಲೊಂದನ್ನು ಒಡನೆಯೇ ಅಳಿಸಿಬಿಡುವ ಆತುರವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಹುಬ್ಬಳ್ಳಿಯ ವರ್ತಕರು ಬಲ್ಲಂತೆ, ಖಾತೆವಾರು ಲೆಕ್ಕದ ಖತಾವಣಿ ಕೆಟ್ಟರೆ ದಿನವಹಿಯಾದ ಕಿರ್ದಿಯಿಂದ ಅದನ್ನು ಮರಳಿ ಬರೆಯಬಹುದು, ಕಿರ್ದಿಯೇ ಕೆಟ್ಟರೆ ಗತಿಯಿಲ್ಲ. ಇಂಡೆಕ್ಸು ಖತಾವಣಿಯಾದರೆ ಸಾಲುಗಳೇ ಕಿರ್ದಿ. ಆದುದರಿಂದ ಮೊದಲು ಹೊಸ ಬರಹವನ್ನು ತಡೆದು, ಸಮಸ್ತ ದತ್ತದ ಒಂದು ಪ್ರತಿಯನ್ನು ಬೇರೆಡೆ ಇರಿಸಿ, 2017ರ 10ನೆಯ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ಸಿನೊಡನೆಯೇ ಬರುವ ಆಮ್‌ಚೆಕ್ ಎಂಬ ಸಾಧನದಿಂದ ಇಂಡೆಕ್ಸುಗಳನ್ನು ಪರೀಕ್ಷಿಸತಕ್ಕದ್ದು. ಜೋಡಿಗಳನ್ನು ಹುಡುಕುವಾಗ ಕೆಟ್ಟ ಇಂಡೆಕ್ಸಿನ ಸಾಕ್ಷ್ಯವನ್ನು ನಂಬದೆ ಕೋಷ್ಟಕವನ್ನು ಆದ್ಯಂತವಾಗಿ ಓದಿಸಬೇಕು. ಯಾವ ಸಾಲು ಉಳಿಯತಕ್ಕದ್ದೆಂಬುದನ್ನು ಉಗ್ರಾಣದವರೂ ಲೆಕ್ಕಿಗರೂ ಇನ್‌ವಾಯ್ಸುಗಳನ್ನು ಮುಂದಿಟ್ಟುಕೊಂಡು ನಿರ್ಣಯಿಸಿ, ಎರಡಕ್ಕೂ ಅಂಟಿಕೊಂಡ ವ್ಯವಹಾರಗಳನ್ನು ಒಂದಕ್ಕೇ ಸೇರಿಸಿ, ಮಿಕ್ಕ ಸಾಲನ್ನು ತೆಗೆದ ಮೇಲೆಯೇ ಇಂಡೆಕ್ಸಿನ ಪುನರ್ನಿರ್ಮಾಣ. ಜೋಡಿಗಳು ಉಳಿದಿರುವಾಗ ಏಕತ್ವದ ನಿಯಮವುಳ್ಳ ಇಂಡೆಕ್ಸು ಕಟ್ಟಲ್ಪಡುವುದೂ ಇಲ್ಲ.

ಯಂತ್ರಗಳಿಗೆ ಎಣ್ಣೆಯೆರೆಯಲು ದಿನ ಗೊತ್ತುಮಾಡುವ ಕಾರ್ಖಾನೆಯ ಒಡೆಯರು ದತ್ತದ ಪರೀಕ್ಷೆಗೂ ದಿನವೊಂದನ್ನು ಗೊತ್ತುಮಾಡಲಿ. ಸರ್ವರಿನ ವ್ಯವಸ್ಥೆಯನ್ನು ನವೀಕರಿಸುವ ಗುತ್ತಿಗೆಯಲ್ಲಿ, ಪಠ್ಯವನ್ನಾಧರಿಸಿದ ಇಂಡೆಕ್ಸುಗಳ ಪರೀಕ್ಷೆಯೂ ಪುನರ್ನಿರ್ಮಾಣವೂ ಮುಗಿಯದ ಹೊರತು ಕೆಲಸ ಮುಗಿದಂತಲ್ಲವೆಂಬ ಷರತ್ತನ್ನು ಬರೆಯಿಸಲಿ. ಒಂದು ರಾತ್ರಿ ಕೆಲಸ ನಿಲ್ಲಿಸಿದ ನಷ್ಟವನ್ನು ಮರುದಿನವೇ ಎಣಿಸಿ ತುಂಬಿಕೊಳ್ಳಬಹುದು. ವಿಚಾರಿಸದೆ ಅಳಿಸಿದ ಸಾಲಿನ ನಷ್ಟವಾದರೋ ವರ್ಷಾಂತ್ಯದ ಲೆಕ್ಕಪರಿಶೋಧನೆಯವರೆಗೆ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತಿರುತ್ತದೆ.