ವಯಸ್ಸಿಗೆ ಪರವಾಗಿಲ್ವಂತೆ!

ಹೊಗಳಿಕೆಯ ವೇಷ ಹಾಕಿಕೊಂಡು ಓಡಾಡುವ ಬೈಗುಳಗಳಲ್ಲಿ ನನಗೆ ಮೈ ಉರಿಸುವುದು ಒಂದು: 'ವಯಸ್ಸಿಗೆ ಪರವಾಗಿಲ್ಲ.' ನಲವತ್ತೈದು ದಾಟಿದ ಎಂಜಿನಿಯರ್ ಹೊಸ ಫ್ರೇಮ್‌ವರ್ಕ್ ಕಲಿತು ಕೋಡ್ ಬರೆದರೆ, ವಯಸ್ಸಿಗೆ ಪರವಾಗಿಲ್ಲ. ಅರವತ್ತೊಂದರ ಗಾಯಕನೊಬ್ಬ ಮೂರು ರಾತ್ರಿ ಹಾಡಿದ್ದನ್ನು ಆಲ್ಬಮ್ ಮಾಡಿ ಬಿಟ್ಟರೆ ಅದಕ್ಕೂ ಅದೇ ಸರ್ಟಿಫಿಕೇಟ್. ಕೊಡುವವರು ಯಾರು? ವೈಟ್‌ಫೀಲ್ಡಿನ ಕೆಫೆಟೇರಿಯಾದಲ್ಲಿ ಕಿವಿಗೆ ಇಯರ್‌ಬಡ್ಸ್ ಸಿಕ್ಕಿಸಿಕೊಂಡು, ಮಧ್ಯಾಹ್ನ ಮೂರಕ್ಕೇ ಆಕಳಿಸುವ ಇಪ್ಪತ್ತೇಳರ ನಾವು.

ನಾನು ಹೇಳುತ್ತಿರುವುದು ಐರನ್ ಮೇಡನ್‌ನ ಬ್ರೂಸ್ ಡಿಕಿನ್‌ಸನ್ ಬಗ್ಗೆ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಹಾಡಿದ ಅದೇ ಮನುಷ್ಯ. ಅದು ಭಾರತದಲ್ಲಿ ಆ ಬ್ಯಾಂಡಿನ ಮೊದಲ ಕಾರ್ಯಕ್ರಮ. ಆವತ್ತು ಅವನಿಗೆ 48. ಅಲ್ಲಿದ್ದವರೆಲ್ಲ ಈಗ ಮ್ಯಾನೇಜರುಗಳಾಗಿ ಹೊಟ್ಟೆ ಬಂದು ಕೂತಿದ್ದಾರೆ. ಅವನು ಹಾಡುತ್ತಲೇ ಇದ್ದಾನೆ. 2019ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಹಾಡಿದ್ದು 'ನೈಟ್ಸ್ ಆಫ್ ದಿ ಡೆಡ್' ಅನ್ನುವ ಹೆಸರಲ್ಲಿ 2020ರ ನವೆಂಬರಿನಲ್ಲಿ ಬಂತು. ಅದನ್ನು ಕೇಳಿ ನನ್ನ ಗೆಳೆಯರು ಹೇಳಿದ ಮಾತೇ ಮೇಲಿನದು.

ಈ ಮಾತು ಬರೀ ಅಗೌರವದ್ದಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅದು ತಪ್ಪು. ಶುದ್ಧ ತಪ್ಪು. ಕೇಳಿಯೇ ಸಾಬೀತು ಮಾಡಬಹುದು.

ಒಂದೇ ಹಾಡು ತಗೊಳ್ಳಿ, 'ಏಸಸ್ ಹೈ'. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನದ ಪೈಲಟ್‌ಗಳ ಹಾಡು. ಓಟದ ಲಯ, ಪಲ್ಲವಿ ಬಂದಾಗಲೆಲ್ಲ ದನಿ ಮೇಲಿನ ಸ್ಥಾಯಿಗೆ ಏರಬೇಕು, ಉಸಿರು ತಗೊಳ್ಳಲು ಜಾಗವೇ ಇಲ್ಲ. ಕಾರ್ಯಕ್ರಮದ ಮೊದಲ ಹಾಡಾಗಿ ಇದನ್ನು ಇಟ್ಟುಕೊಳ್ಳುವುದೆಂದರೆ, ಎಂಜಿನ್ ಬಿಸಿಯಾಗುವ ಮೊದಲೇ ಚಾರ್ಮಾಡಿ ಘಾಟಿ ಹತ್ತಿಸಿದ ಹಾಗೆ. ಈ ಹಾಡು ಅವರ ಮೂರು ಲೈವ್ ಆಲ್ಬಮ್‌ಗಳಲ್ಲಿ ಸಿಗುತ್ತದೆ. 1985ರ 'ಲೈವ್ ಆಫ್ಟರ್ ಡೆತ್'ನಲ್ಲಿ ಡಿಕಿನ್‌ಸನ್‌ಗೆ 26 ವರ್ಷ. 2009ರ 'ಫ್ಲೈಟ್ 666'ನಲ್ಲಿ ಇರುವುದು 2008ರ ಫೆಬ್ರವರಿ 1ರಂದು ನಮ್ಮ ಮುಂಬೈಯಲ್ಲೇ ಹಾಡಿದ್ದು. ಆಗ ಅವನಿಗೆ 49. ಮೂರನೆಯದು ಮೆಕ್ಸಿಕೋದ್ದು, 61.

ಮೂರನ್ನೂ ಒಂದರ ಹಿಂದೊಂದು ಹಾಕಿ ಕೇಳಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿದ್ದರೆ ಮೂರೂ ಮುಗಿದು ಇನ್ನೂ ಟೈಮ್ ಉಳಿಯುತ್ತದೆ. ಎಲ್ಲಕ್ಕಿಂತ ದಣಿದ ದನಿ ಯಾವುದು? ನನ್ನ ಕಿವಿಗೆ ಕೇಳಿಸುವುದು 26ರದ್ದು. ಅದರಲ್ಲಿ ರೋಷ ಇದೆ, ರಕ್ತ ಇದೆ; ಆದರೆ ಎತ್ತರದ ಸ್ವರಗಳಲ್ಲಿ ದನಿ ಒರಟಾಗಿ ಗೀಚುತ್ತದೆ, ಕೆಲವು ಕಡೆ ಸ್ವರ ಹಿಡಿಯುವ ಬದಲು ಕೂಗಿ ದಾಟಿಸುತ್ತಾನೆ. ಆ ಆಲ್ಬಮ್ ಮಹಾನ್ ಆಲ್ಬಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಯೌವನದ ಬಲದ ದಾಖಲೆ ಅಲ್ಲ, ದುಡಿದು ಸುಸ್ತಾದ ಯೌವನದ ದಾಖಲೆ.

ಯಾಕೆ ಅಂತ ಲೆಕ್ಕ ನೋಡಿ. ಆ ಪ್ರವಾಸ 1984ರ ಆಗಸ್ಟಿನಲ್ಲಿ ಶುರುವಾಗಿ 1985ರ ಜುಲೈವರೆಗೆ ನಡೆಯಿತು. 331 ದಿನ, 187 ಪ್ರದರ್ಶನ. ಆಲ್ಬಮ್ಮಿನ ಬಹುಪಾಲು ಮುದ್ರಣವಾದದ್ದು ಲಾಂಗ್ ಬೀಚಿನಲ್ಲಿ, 1985ರ ಮಾರ್ಚಿನಲ್ಲಿ, ಅಂದರೆ ಏಳು ತಿಂಗಳು ಹಾಡಿ ಆದ ಮೇಲೆ. ಪ್ರವಾಸ ಮುಗಿದಾಗ ಹುಡುಗ ಎಷ್ಟು ಬಸವಳಿದಿದ್ದ ಅಂದರೆ, 1986ರ ಮುಂದಿನ ಆಲ್ಬಮ್ 'ಸಮ್‌ವೇರ್ ಇನ್ ಟೈಮ್'ನಲ್ಲಿ ಅವನು ಬರೆದ ಒಂದು ಹಾಡೂ ಇಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಬರ್ನೌಟ್ ಅನ್ನುತ್ತಾರೆ. 26ಕ್ಕೆ!

ಮುಂಬೈಯದ್ದು ಕೇಳಿ. ದನಿ ದುಂಡಗಿದೆ, ಗಂಟಲಲ್ಲಿ ಗೊಗ್ಗರು ಇಲ್ಲ. ಯೌವನ ಮರಳಿ ಬಂತಾ? ಇಲ್ಲ ಸ್ವಾಮಿ. ಮುಂಬೈ ಆ ಪ್ರವಾಸದ ಮೊದಲ ರಾತ್ರಿ. ಬ್ಯಾಂಡನ್ನೂ ಸಾಮಾನನ್ನೂ ಹೊತ್ತ ಬೋಯಿಂಗ್ 757 ವಿಮಾನದ ಕಾಕ್‌ಪಿಟ್ಟಿನಲ್ಲಿ ಪೈಲಟ್ ಆಗಿ ಕೂತು ಬಂದ ಗಾಯಕ ಅವನು. ಆದರೂ ಗಂಟಲು ವಿಶ್ರಾಂತಿ ಪಡೆದ ಗಂಟಲು. ಅದೇ ನನ್ನ ವಾದ. ದನಿಯ ಬಲ ಹುಟ್ಟಿದ ವರ್ಷದಿಂದ ಎಣಿಸುವಂಥದ್ದಲ್ಲ, ಕೊನೆಯ ಸಲ ಸರಿಯಾಗಿ ವಿಶ್ರಾಂತಿ ಪಡೆದ ದಿನದಿಂದ ಎಣಿಸುವಂಥದ್ದು.

ಈಗ ಮೆಕ್ಸಿಕೋ. ಇಲ್ಲಿ ವಿಷಯ ಇನ್ನೂ ಗಂಭೀರ. ಈ ಎರಡು ಧ್ವನಿಮುದ್ರಣಗಳ ಮಧ್ಯೆ ಅವನಿಗೆ ಕ್ಯಾನ್ಸರ್ ಬಂತು, ಅದೂ ನಾಲಿಗೆಯ ಬುಡದಲ್ಲಿ. 33 ಸಲ ರೇಡಿಯೇಷನ್, ಒಂಬತ್ತು ವಾರ ಕಿಮೋಥೆರಪಿ. ರೇಡಿಯೇಷನ್ ಗಂಟಲಿಗೆ ಏನು ಮಾಡುತ್ತದೆ ಅಂತ ಕಿದ್ವಾಯಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬಂದವರನ್ನು ಕೇಳಿ: ಜೊಲ್ಲು ಬತ್ತಿ ಹೋಗುತ್ತದೆ, ಗಂಜಿ ನುಂಗುವುದೂ ಕಷ್ಟ. 2015ರ ಮೇನಲ್ಲಿ ಕ್ಯಾನ್ಸರ್ ಇಲ್ಲ ಅಂತ ಡಾಕ್ಟರು ಹೇಳಿದರು. ಅವನು ಮರುದಿನವೇ ವೇದಿಕೆ ಹತ್ತಲಿಲ್ಲ. ಬ್ಯಾಂಡ್ ಕಾದಿತು. ಮತ್ತೆ ಪ್ರವಾಸ ಹೊರಟದ್ದು 2016ರ ಫೆಬ್ರವರಿಯಲ್ಲಿ. ಮೆಕ್ಸಿಕೋದ ಆಲ್ಬಮ್ ಬಂದ ಪ್ರವಾಸವೂ ಹಾಗೇ: 2018ರ ಆಗಸ್ಟಿನಲ್ಲಿ ಒಂದು ಸುತ್ತು ಮುಗಿಸಿ, ಮುಂದಿನ ಸುತ್ತಿಗೆ ಹೊರಟದ್ದು 2019ರ ಜುಲೈಯಲ್ಲಿ. ಅರವತ್ತೊಂದರ ಆ 'ಏಸಸ್ ಹೈ'ಯಲ್ಲಿ ದನಿಯ ಬಣ್ಣ ಬದಲಾಗಿದೆ, ದಪ್ಪಗಾಗಿದೆ, ಒಂದೆರಡು ಕಡೆ ಸ್ವರವನ್ನು ಬೇಗ ಬಿಟ್ಟುಕೊಡುತ್ತಾನೆ. ಆದರೆ ಅದೇ ಎತ್ತರದಲ್ಲಿ ಹಾಡುತ್ತಾನೆ, ಶ್ರುತಿ ಇಳಿಸಿಲ್ಲ. ಈಗ ಹೇಳಿ, 'ವಯಸ್ಸಿಗೆ ಪರವಾಗಿಲ್ಲ' ಅನ್ನುವುದು ಎಷ್ಟು ಸಣ್ಣ ಮಾತು!

ಗೊತ್ತು, ಒಬ್ಬ ಎದ್ದು ನಿಲ್ಲುತ್ತಾನೆ: 'ಗುರೂ, ಲೈವ್ ಆಲ್ಬಮ್ ಅಂದ್ರೆ ಸ್ಟುಡಿಯೋದಲ್ಲಿ ತೇಪೆ ಹಾಕಿರ್ತಾರೆ.' ಹೌದಪ್ಪ, ಹಾಕುತ್ತಾರೆ. ಜೂಡಾಸ್ ಪ್ರೀಸ್ಟ್‌ನ 1979ರ ಲೈವ್ ಆಲ್ಬಮ್ಮಿಗೆ ರಾಬ್ ಹಾಲ್‌ಫರ್ಡ್ ಸ್ಟುಡಿಯೋದಲ್ಲಿ ಮತ್ತೆ ಹಾಡಿದ್ದು ಜಗಜ್ಜಾಹೀರು. ಆದರೆ ತೇಪೆ ಹಾಕುವವನು ಮೊದಲು ಮುಚ್ಚುವುದು ಏನನ್ನು? ಗೀಚಿದ ಜಾಗವನ್ನು, ಉಸಿರು ತಪ್ಪಿದ ಜಾಗವನ್ನು. 1985ರ ಆಲ್ಬಮ್ಮಿನಲ್ಲಿ ಆ ಗೀರುಗಳು ಹಾಗೇ ಇವೆ, ಮೆಕ್ಸಿಕೋದಲ್ಲೂ ಬಿಟ್ಟ ಉಸಿರು ಕೇಳಿಸುತ್ತದೆ. ನನಗೆ ಅಷ್ಟು ಸಾಕ್ಷಿ ಸಾಕು.

ಇನ್ನೊಬ್ಬ ಹೇಳುತ್ತಾನೆ: 'ಅದು ದೇವರು ಕೊಟ್ಟ ಕಂಠ ಬಿಡಿ.' ಇದು ಮೊದಲಿನದಕ್ಕಿಂತ ಅಪಾಯಕಾರಿ. ದೇವರ ಹೆಸರು ಹೇಳಿದ ಕೂಡಲೇ ದುಡಿಮೆ ಮಾಯ. ಗಂಡಸರು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 150 ಸಲ ಒಂದಕ್ಕೊಂದು ಬಡಿಯುತ್ತವೆ. ಮೇಲಿನ ಸ್ಥಾಯಿಯಲ್ಲಿ ಅದು 400 ದಾಟುತ್ತದೆ. ಆ ಹೊಡೆತವನ್ನು ಗಂಟಲಿನಿಂದ ತಳ್ಳಿದರೆ ತಂತು ಊದಿಕೊಳ್ಳುತ್ತದೆ. ಹೊಟ್ಟೆ ಪಕ್ಕೆಗಳಿಂದ ಉಸಿರನ್ನು ಹಿಡಿದು ಬಿಡಲು ಕಲಿತರೆ ಉಳಿಯುತ್ತದೆ. ನಾವು 'ಪವರ್' ಅನ್ನುವುದರಲ್ಲಿ ಮುಕ್ಕಾಲು ಪಾಲು ಹೀಗೆ ಹಿಡಿದಿಟ್ಟ ಉಸಿರು. ಬೊಬ್ಬೆ ಹೊಡೆಯುವುದು ಯಾರಿಗಾದರೂ ಬರುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ, ವಾಯ್ಸ್ ಪ್ರಾಸೆಸ್‌ನಲ್ಲಿ, ರಾತ್ರಿ ಪಾಳಿಯಲ್ಲಿ ನನ್ನ ಮೊದಲ ಕೆಲಸ. ದಿನಕ್ಕೆ ಎಂಟೊಂಬತ್ತು ಗಂಟೆ ಫೋನಿನಲ್ಲಿ ಮಾತು, ಏಸಿಯ ಒಣ ಗಾಳಿ, ಕರೆಯಿಂದ ಕರೆಗೆ ಬಿಡುವಿಲ್ಲ. ಎಂಟನೇ ತಿಂಗಳಲ್ಲಿ ದನಿ ಹೋಯಿತು. ಕಿವಿ-ಮೂಗು-ಗಂಟಲಿನ ಡಾಕ್ಟರು ಧ್ವನಿತಂತುವಿನ ಮೇಲೆ ಗಂಟು ಅಂದರು, ಮೂರು ವಾರ ಬಾಯಿ ಬಿಡಬೇಡ ಅಂದರು. ಟೀಮ್ ಲೀಡರ್ 'ಬಿಸಿನೀರು ಕುಡಿ, ಲಾಗಿನ್ ಆಗು' ಅಂದರು. ಮೂರು ವಾರಕ್ಕೂ ಸಂಬಳ ಕತ್ತರಿಸಿದರು. ನನಗೆ ಆಗ 23. ನನ್ನ ವಯಸ್ಸಿಗೆ ಪರವಾಗಿಲ್ಲ ಅಂತ ಯಾರೂ ಅನ್ನಲಿಲ್ಲ!

ಗಂಟಲು ಉಳಿಸುವ ವಿದ್ಯೆ ನಮಗೆ ಹೊಸದೇನಲ್ಲ. ಕರಾವಳಿಯ ಯಕ್ಷಗಾನ ಮೇಳಗಳನ್ನು ನೋಡಿ. ಇಡೀ ರಾತ್ರಿಯ ಆಟವನ್ನು ಒಬ್ಬರ ಗಂಟಲಿಗೆ ಕಟ್ಟುವುದಿಲ್ಲ: ರಾತ್ರಿಯ ಮೊದಲ ಭಾಗ ಕಿರಿಯ ಭಾಗವತರದ್ದು, ನಡುರಾತ್ರಿ ಕಳೆದ ಮೇಲೆ ಮುಖ್ಯ ಭಾಗವತರು. ಮಳೆಗಾಲ ಕಳೆದು ಹೊರಟ ಮೇಳ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿತು ಅಂದರೆ ತಿರುಗಾಟ ಮುಗಿಯಿತು. ಮಳೆ ನಿಲ್ಲುವ ತನಕ ಗಂಟಲಿಗೆ ರಜೆ. ಕಾಸರಗೋಡಿನ ಕಡೆಯ ಬಲಿಪ ನಾರಾಯಣ ಭಾಗವತರು (1938–2023) ಏರುಶ್ರುತಿಯ ಹಾಡುಗಾರಿಕೆಗೇ ಹೆಸರಾದವರು. ಅಂಥ ದನಿ ಬೆಳೆದದ್ದು ಈ ಏರ್ಪಾಡಿನೊಳಗೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಸಣ್ಣ ದನಿ ಹೋಗಿ ಗಂಡುದನಿ ಬಂತು. ಅವರು ಹಳೆಯ ದನಿಗೆ ಅಳುತ್ತಾ ಕೂರಲಿಲ್ಲ, ಹೊಸ ದನಿಯನ್ನೇ ಪಳಗಿಸಿಕೊಂಡು ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಹಾಡಿದರು. ಆ ದನಿಗೆ 'ಪರವಾಗಿಲ್ಲ' ಅನ್ನುವ ಧೈರ್ಯ ಯಾರಿಗಾದರೂ ಇತ್ತಾ?

ಕರಾವಳಿ ದೂರ ಅನ್ನಿಸಿದರೆ ಪೀಣ್ಯಕ್ಕೆ ಬನ್ನಿ. ಹೆವಿ ಮೆಟಲ್ ಹುಟ್ಟಿದ್ದೇ ಪೀಣ್ಯದಂಥ ಊರಿನಲ್ಲಿ. ಬರ್ಮಿಂಗ್‌ಹ್ಯಾಮಿನ ಶೀಟ್ ಮೆಟಲ್ ಕಾರ್ಖಾನೆಯೊಂದರಲ್ಲಿ, ಕೆಲಸ ಬಿಡುವ ಕೊನೆಯ ದಿನ, ಹದಿನೇಳರ ಹುಡುಗ ಟೋನಿ ಐಯೋಮಿಯ ಎರಡು ಬೆರಳ ತುದಿಗಳನ್ನು ಯಂತ್ರ ಕತ್ತರಿಸಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಅವನು ಗಿಟಾರ್ ನುಡಿಸಿದ, ಬ್ಲ್ಯಾಕ್ ಸಬ್ಬತ್ ಹುಟ್ಟಿತು. ಪೀಣ್ಯದ ಯಾವುದೇ ವರ್ಕ್‌ಶಾಪಿನ ಲೇತ್ ಆಪರೇಟರ್ ಅಣ್ಣನನ್ನು ಕೇಳಿ: ಟೂಲ್ ಸವೆಯುವ ಮೊದಲೇ ಬದಲಿಸಬೇಕು, ಕೂಲಂಟ್ ಇಲ್ಲದೆ ಓಡಿಸಬಾರದು, ಮೇಂಟೆನೆನ್ಸ್ ದಿನ ಮೆಷಿನ್ ನಿಲ್ಲಲೇಬೇಕು. ಕಬ್ಬಿಣಕ್ಕೆ ಸಿಗುವ ಈ ಮರ್ಯಾದೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮನುಷ್ಯನ ಗಂಟಲಿಗೆ, ಕಣ್ಣಿಗೆ, ಬೆನ್ನಿಗೆ ಸಿಗುವುದಿಲ್ಲ.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರು, ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ದೊಡ್ಡವರು, ಅವರ ಸಾಧನೆಗೆ ನಮಸ್ಕಾರ. ಆದರೆ ಅವರ ಮಾತಿಗೆ ನನ್ನ ಉತ್ತರ ಲಾಂಗ್ ಬೀಚಿನ ಆ 26ರ ದನಿ. ಬಿಡುವಿಲ್ಲದ ದುಡಿಮೆಯಿಂದ ಒಂದು ಮಹಾನ್ ಆಲ್ಬಮ್ ಬರಬಹುದು, ಬಂದಿದೆ; ಅದರ ಮುಂದಿನ ಆಲ್ಬಮ್ಮಿನಲ್ಲಿ ಆ ಮನುಷ್ಯನ ಹೆಸರಿನ ಹಾಡೇ ಇಲ್ಲ. ಅರವತ್ತೊಂದರಲ್ಲೂ ಹಾಡಬೇಕು ಅನ್ನುವವರಿಗೆ ಬೇರೆ ಲೆಕ್ಕ ಬೇಕು.

ಹಾಗಾಗಿ ಮುಂದಿನ ಸಲ ಆ ಆಲ್ಬಮ್ ಕೇಳಿ ಬಾಯಿ ತೆರೆಯುವ ಮುಂಚೆ ವಯಸ್ಸಿನ ಮಾತು ಬದಿಗಿಡಿ. ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಿ, ಸ್ವರ ತಪ್ಪಿದ್ದರೆ ತಪ್ಪಿದೆ ಅನ್ನಿ. ಇಪ್ಪತ್ತಾರರವನಿಗೆ ಕೊಡುವ ಟೀಕೆಯನ್ನೇ ಕೊಡಿ, ಅದು ಮರ್ಯಾದೆ. ನಿಮ್ಮ ಟೀಮಿನ ನಲವತ್ತಾರರ ಆ ಸೀನಿಯರ್‌ಗೂ ಹಾಗೇ. ಮತ್ತೆ ನಿಮ್ಮ ಮ್ಯಾನೇಜರ್ ಹೊಸ ವರ್ಷದ ಪ್ಲಾನ್ ಹರಡಿಕೊಂಡು ಕೂತಾಗ ಕೈ ಎತ್ತಿ ಒಂದು ಪ್ರಶ್ನೆ ಕೇಳಿ: ಇಷ್ಟೊಂದು ಸ್ಪ್ರಿಂಟ್ ಇದೆಯಲ್ಲ ಸಾರ್, ಇದರಲ್ಲಿ ಪತ್ತನಾಜೆ ಯಾವತ್ತು?